ಮ್ಯಾಗ್ನೆಟ್ ಹಿಡಿಯದ ಜಾಗ

ಮೂಗು ಇಷ್ಟು ದೊಡ್ಡದಾಗಿ ಕಾಣುತ್ತದಲ್ಲ, ಕೆನ್ನೆಗಳು ಎರಡೂ ಬದಿಗೆ ಜಾರಿ ಹೋಗಿವೆ, ಅರುವತ್ತರ ಮುಖವೊಂದು ಅಂಗೈಯಗಲದ ಕಪ್ಪು ತಗಡಿನೊಳಗೆ ಮುಳುಗಿಕೊಂಡು ಇತ್ತಲೇ ನೋಡುತ್ತಿದೆ — ಅದು ತನ್ನದೇ ಎಂದು ಮೋಹನದಾಸನಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು, ಹೊಳೆದ ಮೇಲೆ ತಗಡನ್ನು ತುಸು ಓರೆ ಮಾಡಿದ, ಮುಖ ಹೋಗಿ ಗ್ಯಾರೇಜಿನ ಶೀಟಿನ ಮಾಡು ಬಂತು, ಮಾಡಿನ ಸಂದಿಯ ಬಿಸಿಲು ಬಂತು, ಉರ್ವ ಮಾರ್ಕೆಟ್ಟಿನ ಕಡೆಯಿಂದ ಮೀನಿನ ವಾಸನೆಯೂ ಬಂತು, ವಾಸನೆ ತಗಡಿನಲ್ಲಿ ಕಾಣುವಂಥದ್ದಲ್ಲ, ಆದರೂ ಅದರೊಳಗಿಂದಲೇ ಎದ್ದ ಹಾಗೆ. ಆ ಸ್ಯಾಂಪಲು ಗ್ಲಾಸಿ ಮೋಹನಣ್ಣ, ಎಂದ ಆಲ್ವಿನ್, ಗ್ಯಾರೇಜು ಅವನದ್ದು, ಹಳೇ ಕಾರೆಂದರೆ ಊರಿಗೆಲ್ಲ ಅವನೇ, ನಡುವಿನದ್ದು ಸ್ಯಾಟಿನ್, ಅರ್ಧ ಹೊಳಪು, ಆಚೆಯದ್ದು ಮ್ಯಾಟ್, ಹೊಳಪೇ ಇಲ್ಲ, ದೋಸೆ ಕಾವಲಿಯ ಅಡಿ ಇದ್ದ ಹಾಗೆ, ನೀವು ಒಂದು ಹೇಳಿದ್ರೆ ಇವತ್ತೇ ಕೆಲಸ ಸುರು ಮಾಡ್ತೇವೆ. ಕಪ್ಪಿನಲ್ಲಿ ಎಂತ ಆರಿಸುವುದು, ಹೊರಗಿನವರು ಕೇಳಿದರೆ ನಕ್ಕಾರು, ಮೂರೂ ಕಪ್ಪೇ ತಾನೆ, ಆದರೆ ಮೋಹನದಾಸನ ಕೈ ಬೆವರುತ್ತಿದೆ, ತಗಡಿನ ಅಂಚಿನಲ್ಲಿ ಬೆರಳಿನ ಗುರುತು ಬಿದ್ದಿದೆ, ಲುಂಗಿಯಲ್ಲಿ ಒರೆಸೋಣವೆಂದರೆ ಇವತ್ತು ಪ್ಯಾಂಟು ಹಾಕಿಕೊಂಡು ಬಂದಿದ್ದಾನೆ, ಪ್ಯಾಂಟಿಗೇ ಒರೆಸಿದ. ಎದುರಿಗೆ ಮರದ ಸ್ಟ್ಯಾಂಡಿನ ಮೇಲೆ ಬಾನೆಟ್ಟು ಮಲಗಿದೆ, ಮಲಗಿದೆ ಎಂಬ ಮಾತೇ ಬೇಡ, ಬಿಚ್ಚಿ ಇಟ್ಟಿದ್ದಾರೆ, ಎಪ್ಪತ್ತೆರಡನೇ ಇಸವಿಯ ಫಿಯೆಟ್ಟಿನ ಬಾನೆಟ್ಟು, ಕಾರಿನ ಮೈಯೆಲ್ಲ ಹಾಲಿನ ಕೆನೆಯ ಬಣ್ಣ, ಇದೊಂದು ಮಾತ್ರ ಕಪ್ಪು. ಬರುವ ತಿಂಗಳು ಇಪ್ಪತ್ತೊಂದಕ್ಕೆ ಮಗಳು ದೀಕ್ಷಿತಾಳ ಮದುವೆ, ಮದುಮಗಳು ನಮ್ಮ ಫಿಯೆಟ್ಟಿನಲ್ಲೇ ಹಾಲ್‌ಗೆ ಹೋಗಬೇಕು ಎಂದು ಹಟ ಹಿಡಿದವ ಮಗ ಕೌಶಲ್, ಬಾನೆಟ್ಟಿಗೆ ಕನ್ನಡಿಯಂಥ ಗ್ಲಾಸಿ ಬೇಕು ಪಪ್ಪ, ಅವಳು ಇಳಿಯುವಾಗ ಅವಳ ಸೀರೆ ಅದರಲ್ಲಿ ಕಾಣಬೇಕು ಎಂದು ಕುಣಿದವನೂ ಅವನೇ. ಬಾನೆಟ್ಟಿನ ಮೇಲೆ ಮಲ್ಲಿಗೆ ಹಾಕುತ್ತಾರೆ, ಮದುವೆ ಕಾರೆಂದ ಮೇಲೆ ಹಾಕದೆ ಇರುತ್ತಾರೆಯೇ, ಚೆಂಡು ಚೆಂಡು ಮಲ್ಲಿಗೆ, ಆ ಜಾಗದ ಮೇಲೆಯೇ ಬರುತ್ತದೆ ಅದು, ಬೇಡ, ಹೂವು ಬೇಡ, ರಿಬ್ಬನ್ ಸಾಕು ಎಂದರಾಯಿತು, ಯಾಕೆ ಎಂದು ಕೇಳಿದರೆ ಎಂತ ಹೇಳುವುದು, ಅದನ್ನು ಆಮೇಲೆ ನೋಡಿಕೊಳ್ಳಬಹುದು.

ಗ್ಲಾಸಿ ಮಾಡುವುದಾದ್ರೆ ಒಂದು ಮಾತು ಈಗಲೇ ಹೇಳ್ತೇನೆ, ಎನ್ನುತ್ತಿದ್ದ ಆಲ್ವಿನ್, ಕಪ್ಪು ಗ್ಲಾಸಿಯಷ್ಟು ಹಾಳು ಪೈಂಟು ಬೇರೆ ಇಲ್ಲ, ಅಡಿಯಲ್ಲಿ ಕೂದಲೆಳೆಯಷ್ಟು ಏರುತಗ್ಗು ಉಂಟಾದ್ರೂ ಬಿಸಿಲಲ್ಲಿ ಎದ್ದು ಕಾಣ್ತದೆ, ಅದಕ್ಕೇ ಪೂರಾ ಕೆರೆದು ತಗಡಿಗೆ ಹೋಗ್ಬೇಕು, ನೆಗ್ಗಿಗೆ ತುಂಬಿಸಿದ ಹಳೇ ಪುಟ್ಟಿ ಎಲ್ಲ ತೆಗೀಬೇಕು, ಮ್ಯಾಟ್ ಆದ್ರೆ ಅಷ್ಟೆಲ್ಲ ಬೇಡ, ಮ್ಯಾಟ್ ಎಲ್ಲ ಮುಚ್ಚಿ ಹಾಕ್ತದೆ. ಮುಚ್ಚಿ ಹಾಕ್ತದೆ, ಅಷ್ಟು ಸಲೀಸಾಗಿ ಹೇಳಿಬಿಟ್ಟನಲ್ಲ, ಮೋಹನದಾಸನ ಬಾಯಿಯ ತುದಿಯಲ್ಲಿ ಮ್ಯಾಟ್ ಎಂಬ ಎರಡಕ್ಷರ ಬಂದು ನಿಂತಿತು, ನಿಂತೇ ಇದೆ, ತಾನು ಹೇಳಿದರೆ ಕೌಶಲ್ ಕಾರಣ ಕೇಳುತ್ತಾನೆ, ಸುಮ್ಮನೆ ಕೇಳಿ ಬಿಡುವ ಜಾತಿಯಲ್ಲ ಅವನು, ಇನ್ಸೂರೆನ್ಸ್ ಸರ್ವೇಯರ್, ದಿನ ಬೆಳಗಾದರೆ ಜಜ್ಜಿದ ಕಾರು ನೋಡಿ ಹೇಗೆ ಜಜ್ಜಿತು ಎಂದು ಬರೆಯುವುದೇ ಅವನ ಹೊಟ್ಟೆಪಾಡು. ಎಷ್ಟೋ ಸಲ ಊಟಕ್ಕೆ ಕೂತಾಗ ಹೇಳಿದ್ದಾನೆ, ಕಂಬಕ್ಕೆ ಬಡಿದರೆ ಬಂಪರು ಒಳಗೆ ಹೋಗ್ತದೆ ಪಪ್ಪ, ದನ ಆದರೆ ಗ್ರಿಲ್ಲಿಗೆ ಪೆಟ್ಟು, ಬೈಕ್ ಆದರೆ ಗೀರು ಇರ್ತದೆ, ಮನುಷ್ಯ ಆದರೆ ಬಂಪರಿಗೆ ಎಂತ ಆಗುವುದೇ ಇಲ್ಲ, ಬಾನೆಟ್ಟು ಮಾತ್ರ ನೆಗ್ಗಿರ್ತದೆ, ಓನರು ಎಷ್ಟು ಕಥೆ ಕಟ್ಟಿದ್ರೂ ಆ ತಗಡು ನೋಡಿದ್ರೆ ಸಾಕು — ಅನ್ನಕ್ಕೆ ಸಾರು ಕಲಸುತ್ತ ಹೇಳುವುದು, ಅಪ್ಪ ಕೇಳಿ ಮೆಚ್ಚಲಿ ಎಂದು ಹೇಳುವುದು, ಅಪ್ಪ ಹೂಂಗುಟ್ಟಿಕೊಂಡು ಮಜ್ಜಿಗೆ ಕುಡಿದದ್ದು. ಹಾಗಿರುವಾಗ ಈ ಬಾನೆಟ್ಟನ್ನು ಅವನ ಕಣ್ಣೆದುರು ಕೆರೆಯುವುದೇ, ಬಣ್ಣ ಹೋಗಿ, ಪುಟ್ಟಿ ಪುಡಿಯಾಗಿ ಉದುರಿ, ಅಡಿಯಿಂದ ತಗಡು ಬಂದು, ತಗಡಿನಲ್ಲಿ ಅದು ಬಂದು, ನನ್ನ ಮಗ ಬಗ್ಗಿ ನೋಡಿ, ತಲೆಯೆತ್ತಿ ನನ್ನ ಮುಖ ನೋಡಿದರೆ. ಅಲ್ಲಿಗೆ ಮೋಹನದಾಸನ ಯೋಚನೆ ಮುಂದೆ ಹೋಗುವುದಿಲ್ಲ, ರಾತ್ರಿಯಿಂದ ಹತ್ತು ಸಲ ಅಲ್ಲಿಯವರೆಗೆ ಬಂದು ಹಿಂದೆ ಹೋಗಿದೆ.

ಟಕ್ ಎಂದು ಎಂತದೋ ನೆಲಕ್ಕೆ ಬಿತ್ತು. ರಾಝಿಕ್ ಬಗ್ಗಿ ಹೆಕ್ಕಿಕೊಂಡ, ಆಲ್ವಿನ್‌ನ ಪೈಂಟರು, ನಲುವತ್ತು ದಾಟಿದವ, ಮಾತು ಕಡಿಮೆ, ಕೈಯಲ್ಲಿ ಬೆರಳಿನಷ್ಟು ದಪ್ಪದ ಒಂದು ಮ್ಯಾಗ್ನೆಟ್, ಅದನ್ನು ಬಾನೆಟ್ಟಿನ ಮೇಲೆ ಇಟ್ಟು ಇಟ್ಟು ನೋಡುತ್ತಿದ್ದಾನೆ, ತಗಡು ಹತ್ತಿರ ಇದ್ದಲ್ಲಿ ಕಚ್ಚಿಕೊಳ್ಳುತ್ತದೆ, ಪುಟ್ಟಿ ದಪ್ಪ ಇದ್ದಲ್ಲಿ ಜಾರುತ್ತದೆ, ಜಾರಿದಲ್ಲೆಲ್ಲ ಚಾಕ್‌ಪೀಸಿನಿಂದ ಒಂದು ಗೀರು. ಎಂತಕ್ಕೆ ಅದು, ಎಂದ ಮೋಹನದಾಸ, ಸ್ವರ ಸರಿಯಾಗಿಯೇ ಬಂತು. ಕೆರೆಯುವ ಮೊದಲು ಪುಟ್ಟಿ ಎಲ್ಲೆಲ್ಲಿ ಉಂಟೂಂತ ಗುರ್ತ ಮಾಡ್ಕೊಳ್ಳುದಣ್ಣ, ಎಂದ ರಾಝಿಕ್, ಇಲ್ಲಿ ತುಂಬ ಉಂಟು. ಅದು ತೆಂಗಿನಕಾಯಿ ಬಿದ್ದದ್ದು, ಹಳೇ ಕಥೆ, ಎಂದ ಮೋಹನದಾಸ. ತೆಂಗಿನಕಾಯಿಯಾ, ಎಂದ ರಾಝಿಕ್, ಮತ್ತೆ ಇಟ್ಟ, ಮತ್ತೆ ಜಾರಿತು, ಮತ್ತೆ ಗೀರು. ತೆಂಗಿನಕಾಯಿ ಬಿದ್ದರೆ ಬೊಗಸೆಯಷ್ಟು ನೆಗ್ಗಬೇಕು, ಈ ಗೀರುಗಳು ಹೆಡ್‌ಲೈಟಿನ ಹತ್ತಿರದಿಂದ ಹೊರಟು ಓರೆಯಾಗಿ ಗಾಜಿನ ಕಡೆಗೆ ಹೋಗುತ್ತಿವೆ, ಅಷ್ಟು ಉದ್ದದ ಕಾಯಿ ಯಾವ ಮರದಲ್ಲಿ ಉಂಟು. ಅಡಿಯಿಂದ ನೋಡೋಣವೆಂದರೆ ಅಡಿಗೆ ಯಾರೋ ಡಾಂಬರು ಬಳಿದಿದ್ದಾರಲ್ಲ ಮಾರಾಯ್ರೆ, ಎಂದ ಆಲ್ವಿನ್, ಯಾರು ಬಳಿದದ್ದು ಇಷ್ಟು ದಪ್ಪಕ್ಕೆ. ತುಕ್ಕು ಹಿಡಿಯಬಾರದೂಂತ ನಾನೇ, ಎಂದ ಮೋಹನದಾಸ. ಅದು ಸುಳ್ಳಲ್ಲ, ತಾನೇ ಬಳಿದದ್ದು, ಎರಡು ಡಬ್ಬಿ.

ಗಂಟೆ ಐದೂವರೆ ಇರಬೇಕು, ಸಾವಿರದ ಒಂಬೈನೂರ ತೊಂಬತ್ತೊಂಬತ್ತು, ಫೆಬ್ರವರಿ, ರಜೆ ಮುಗಿದ ದಿನ. ದುಬಾಯಿಗೆ ಹೋಗುವವನು ಬರಿಗೈಯಲ್ಲಿ ಹೋಗುವುದುಂಟೇ, ರೂಮಿನಲ್ಲಿ ಆರು ಜನ ಬಾಯಿ ಬಿಟ್ಟುಕೊಂಡು ಕಾಯುತ್ತಾರೆ, ಊರಿನ ಅಂಜಲ್ ಮೀನು ಬೇಕು, ಹೆಂಡತಿ ಹೇಮಾಕ್ಷಿಯ ಕೈಯ ಮಸಾಲೆ ಹಾಕಿ ಕಾಯಿಸಿದ ಅಂಜಲ್, ಅದಕ್ಕೆ ಪ್ರತಿ ಸಲ ಹೊರಡುವ ದಿನ ಬೆಳ್ಳಂಬೆಳಿಗ್ಗೆ ಬೋಟುಗಳು ಬರುವ ದಕ್ಕೆಗೆ ಹೋಗುವುದು, ಬೋಟಿನಿಂದ ಇಳಿಸಿದ್ದನ್ನೇ ತರುವುದು, ಮಧ್ಯಾಹ್ನದೊಳಗೆ ಕಾಯಿಸಿ ಬಾಳೆಲೆಯಲ್ಲಿ ಕಟ್ಟಿದರೆ ಎರಡು ಗಂಟೆಯ ಬೊಂಬಾಯಿ ಬಸ್ಸಿಗೆ ಸರಿಯಾಗುತ್ತದೆ, ಬೊಂಬಾಯಿಯಿಂದ ವಿಮಾನ. ಮೀನು ಹಿಂದಿನ ಸೀಟಿನಲ್ಲಿತ್ತು, ಪೇಪರು ಹಾಸಿ ಮಲಗಿಸಿದ್ದ, ನೀರು ಸೋರಿ ಸೀಟಿಗೆ ಹೋಗುತ್ತದೋ ಎಂದು ಒಮ್ಮೆ ಕುತ್ತಿಗೆ ತಿರುಗಿಸಿ ನೋಡಿದ್ದು, ಅಷ್ಟೇ, ಒಂದೇ ಸಲ, ಬೊಕ್ಕಪಟ್ಣದ ತಿರುವಿನಲ್ಲಿ ಐಸಿನ ಲಾರಿ ನಿಂತಿತ್ತು, ಲಾರಿಯ ಹಿಂದಿನಿಂದ ಆ ಮನುಷ್ಯ ಬಂದ, ನೀಲಿ ಲುಂಗಿ, ಕೈಯಲ್ಲಿ ತೂಕ ಇದ್ದ ಚೀಲ — ಶಬ್ದ ಅಷ್ಟು ದೊಡ್ಡದಲ್ಲ, ಹಾಸಿಗೆ ಕೊಡವಿದಷ್ಟು, ಆಮೇಲೆ ಬಾನೆಟ್ಟಿನ ಮೇಲೆ ಒಂದು ಕೈ, ಐದೂ ಬೆರಳು ಅಗಲಿಸಿಕೊಂಡು, ತಳ್ಳುವ ಹಾಗಲ್ಲ, ಸ್ವಲ್ಪ ನಿಲ್ಲಿಸಿ ಎನ್ನುವ ಹಾಗೆ, ಕೈ ಜಾರಿತು, ಕಾರು ನಿಲ್ಲಲಿಲ್ಲ. ಕಾರು ನಿಲ್ಲಲಿಲ್ಲ ಎನ್ನುವುದು, ಕಾಲು ಯಾರದ್ದು. ನಿಲ್ಲಿಸಿದ್ದರೆ ಪೊಲೀಸು, ಪೊಲೀಸೆಂದರೆ ಪಾಸ್‌ಪೋರ್ಟು ಅವರ ಕೈಗೆ, ಎರಡು ದಿನ ತಡವಾದರೆ ಕಂಪೆನಿ ಕಾಯುವುದಿಲ್ಲ, ಎರಡು ವರ್ಷದ ಮಗು ಮನೆಯಲ್ಲಿ, ಅಪ್ಪನ ಡಯಾಲಿಸಿಸ್, ಇದೆಲ್ಲ ಆಗ ಯೋಚಿಸಿದ್ದೋ ಆಮೇಲೆ ಇಪ್ಪತ್ತಾರು ವರ್ಷ ಕೂತು ಜೋಡಿಸಿದ್ದೋ ಈಗ ಅವನಿಗೂ ಗೊತ್ತಿಲ್ಲ. ಹಿಂದೆ ನೋಡುವ ಕನ್ನಡಿಯನ್ನು ಮಾಡಿನ ಕಡೆಗೆ ತಿರುಗಿಸಿದ್ದು ಮಾತ್ರ ಗೊತ್ತುಂಟು, ಕೈಯೇ ಹೋಗಿ ತಿರುಗಿಸಿತು. ಬಿಜೈಯ ಮನೆಗೆ ಬಂದು ಶೆಡ್ಡಿನಲ್ಲಿ ನಿಲ್ಲಿಸಿ, ಹೇಮಾ, ದಾರಿಯಲ್ಲಿ ತೆಂಗಿನಕಾಯಿ ಬಿತ್ತು ಬಾನೆಟ್ಟಿನ ಮೇಲೆ, ಎಂದ, ಅಯ್ಯೋ ನಿಮಗೆ ಎಂತ ಆಗ್ಲಿಲ್ಲ ಅಲ್ವಾ, ಎಂದಳು ಅವಳು, ಮೀನು ತೆಗೆದುಕೊಂಡಳು, ಒಳ್ಳೇ ತಾಜಾ ಉಂಟು, ಎಂದಳು. ಆರು ಜನ ತಿಂದರು. ಮೋಹನಣ್ಣ, ನಿಮ್ಮ ಹೆಂಡತಿಯ ಕೈಗೆ ಬಂಗಾರದ ಬಳೆ ಹಾಕ್ಬೇಕು, ಎಂದರು. ಅವನೂ ಒಂದು ತುಂಡು ತಿಂದ, ತಿನ್ನದಿದ್ದರೆ ಕೇಳುತ್ತಾರಲ್ಲ.

ಸತ್ತನೋ ಬದುಕಿದನೋ. ಊರಿನ ಪೇಪರು ಒಂದು ವಾರ ತಡವಾಗಿ ಬರುವ ಅಂಗಡಿ ದುಬಾಯಿಯಲ್ಲಿ ಕೆಲಸದ ದಾರಿಯಲ್ಲೇ ಇತ್ತು, ಎರಡು ತಿಂಗಳು ಆ ದಾರಿಯನ್ನೇ ಬಿಟ್ಟು ಸುತ್ತು ಬಳಸಿ ನಡೆದ, ಬಿಸಿಲಿನಲ್ಲಿ, ಕೇಳದಿದ್ದರೆ ಆಗಿಲ್ಲ ಎನ್ನುವ ಹಾಗೆ. ಸತ್ತಿರಲಿಕ್ಕಿಲ್ಲ, ಕಾಲು ಮುರಿದಿರಬಹುದು, ಐಸಿನ ಲಾರಿಯವರು ಎತ್ತಿಕೊಂಡು ಹೋಗಿರುತ್ತಾರೆ, ಈಗ ಮುದುಕನಾಗಿ ಎಲ್ಲೋ ಅಂಗಡಿ ಜಗಲಿಯಲ್ಲಿ ಕೂತು ಬೀಡಿ ಸೇದುತ್ತಿರುತ್ತಾನೆ, ಹೀಗೆಲ್ಲ ಅವನಿಗೆ ವಯಸ್ಸು ಮಾಡಿಸುತ್ತ ಬಂದವನು ಮೋಹನದಾಸ, ತನಗೆ ಹಲ್ಲು ಹೋದಾಗ ಅವನಿಗೂ ಒಂದು ಹಲ್ಲು ತೆಗೆದ. ಒಂದೂವರೆ ವರ್ಷ ಕಾರು ಟಾರ್ಪಾಲಿನಡಿ ಇತ್ತು, ಧೂಳಾಗ್ತದೆ ಟಾರ್ಪಾಲ್ ಎತ್ತಬೇಡ ಎಂದು ಫೋನಿನಲ್ಲಿ ಹೇಳಿದ್ದ, ಮುಂದಿನ ರಜೆಗೆ ಬಂದವನು ಮೂರನೇ ದಿನವೇ ದೂರದ ಯಾವುದೋ ಊರಿನ ಟಿಂಕರಿಂಗಿನವನಲ್ಲಿಗೆ ಒಯ್ದ, ಕೆನೆ ಬಣ್ಣಕ್ಕೆ ಪುಟ್ಟಿಯ ಗೆರೆ ಕಾಣುತ್ತಿತ್ತು, ಎಷ್ಟು ತಿಕ್ಕಿದರೂ ಕಾಣುತ್ತಿತ್ತು, ಅದಕ್ಕೆ ಕಪ್ಪು ಹೊಡೆಸಿದ, ಹೊಳಪಿಲ್ಲದ ಕಪ್ಪು, ಕೇಳಿದವರಿಗೆ ರ್‍ಯಾಲಿ ಸ್ಟೈಲ್ ಎಂದ. ಬುದ್ಧಿವಂತ ಅಂದರೆ ಇವನೇ. ಊರಲ್ಲಿ ನೂರು ಕೆನೆ ಬಣ್ಣದ ಫಿಯೆಟ್ಟಿನ ನಡುವೆ ಕಾಣದೆ ಹೋಗಬೇಕಾದದ್ದನ್ನು, ಇರುವುದೊಂದೇ ಕಪ್ಪು ಬಾನೆಟ್ಟು ಎಂದು ಎಲ್ಲರೂ ಬೆರಳು ತೋರಿಸುವ ಹಾಗೆ ಮಾಡಿ ಇಟ್ಟ, ಕರಿ ಬಾನೆಟ್ ಮೋಹನಣ್ಣ ಎಂದೇ ಹೆಸರಾಯಿತು, ಮದುವೆ ಮನೆಗಳಲ್ಲಿ ಅದರೆದುರು ನಿಂತು ಫೋಟೋ ತೆಗೆಸಿಕೊಂಡರು, ಕೌಶಲ್ ಶಾಲೆಯ ಪುಸ್ತಕದ ಹಿಂದೆಲ್ಲ ಅದರದ್ದೇ ಚಿತ್ರ ಬಿಡಿಸಿದ. ಬೇರೆ ಬಾನೆಟ್ಟು ಹಾಕುವ ಮಗ, ಗುಜರಿಯಲ್ಲಿ ಒಳ್ಳೆಯದು ಸಿಗ್ತದೆ, ಎಂದು ಹೋದ ವಾರ ಮೆಲ್ಲಗೆ ಹೇಳಿ ನೋಡಿದ್ದ, ಎಂತ ಪಪ್ಪ ನೀವು, ಆ ಬಾನೆಟ್ಟು ತೆಗೆದ್ರೆ ಅದು ನಮ್ಮ ಕಾರಾ, ಎಂದು ಮಗ ನಿಜವಾಗಿಯೂ ಬೇಸರ ಮಾಡಿಕೊಂಡ. ಆ ಬೇಸರಕ್ಕೆ ಮೋಹನದಾಸ ಸೋತ, ಮಗನಿಗೆ ತನ್ನ ಮೇಲಿರುವ ಪ್ರೀತಿಯ ಅರ್ಧ ಈ ತಗಡಿನ ಮೇಲೆಯೇ ಕೂತಿದೆ ಎಂದು ಗೊತ್ತಿದ್ದವನು ಅವನು.

ಕಿಸೆಯಲ್ಲಿ ಫೋನು ನಡುಗಿತು. ಪಪ್ಪ, ಫಳ್ನೀರಿನಲ್ಲಿ ಕ್ಲೇಮಿಂದು ಮುಗೀತು, ಹೊರಟೆ, ಹತ್ತು ನಿಮಿಷ, ಆಲ್ವಿನ್ ಅಂಕಲ್‌ಗೆ ಹೇಳಿ ಗ್ಲಾಸಿಯೇ, ಕೆರೆಯುವುದನ್ನು ನಾನೂ ನೋಡ್ಬೇಕು. ಆಯ್ತು ಮಗ, ಮೆಲ್ಲ ಬಾ, ಎಂದ ಮೋಹನದಾಸ, ಮೆಲ್ಲ ಬಾ ಎಂದು ಮತ್ತೊಮ್ಮೆ ಎಂದ, ಅಷ್ಟರಲ್ಲಿ ಅತ್ತ ಫೋನು ಕಟ್ಟಾಗಿತ್ತು. ಹತ್ತು ನಿಮಿಷ, ಫಳ್ನೀರಿನಿಂದ ಹತ್ತು ನಿಮಿಷದಲ್ಲಿ ಹೇಗೆ ಬರುತ್ತಾನೆ, ಟ್ರಾಫಿಕ್ ಇರಬೇಕು, ಇರಲಿ, ಲೇಡಿಹಿಲ್ಲಿನಲ್ಲಿ ಬಸ್ಸುಗಳು ಅಡ್ಡ ನಿಂತಿರಲಿ. ಟಕ್. ಮ್ಯಾಗ್ನೆಟ್ಟು ಈ ಸಲ ರಾಝಿಕ್‌ನ ಚಪ್ಪಲಿಯ ಮೇಲೆ ಬಿತ್ತು. ಅವನು ಕೊನೆಯ ಗೀರು ಹಾಕಿ, ಹಿಂದೆ ಸರಿದು, ಬಿಡಿ ಬಿಡಿಯಾಗಿದ್ದ ಗೀರುಗಳನ್ನೆಲ್ಲ ಒಂದೇ ಗೆರೆಯಲ್ಲಿ ಸೇರಿಸಿಬಿಟ್ಟ, ಅದೇನು ಯೋಚಿಸಿ ಮಾಡಿದ್ದಲ್ಲ, ಎಲ್ಲಿಯವರೆಗೆ ಕೆರೆಯಬೇಕೆಂದು ತಿಳಿಯಲಿಕ್ಕೆ, ಕೆಲಸದ ಕ್ರಮವೇ ಹಾಗೆ. ಕಪ್ಪಿನ ಮೇಲೆ ಬಿಳಿ ಗೆರೆ. ಒಂದು ಕಡೆ ಅಗಲ, ನಡುವಿನಲ್ಲಿ ಸಪೂರ, ಮತ್ತೆ ಅಗಲ, ಆ ತುದಿಯಲ್ಲಿ ಬೇರೆಯಾಗಿ ಒಂದು ಸಣ್ಣ ಉರುಟು. ಮೂವರೂ ನೋಡಿದರು. ಆಲ್ವಿನ್ ಕುತ್ತಿಗೆಯ ಹತ್ತಿರ ತುರಿಸಿಕೊಂಡ, ಇದು ಮೇಲಿಂದ ಬಿದ್ದ ಪೆಟ್ಟಲ್ಲ ಮೋಹನಣ್ಣ, ಎದುರಿಂದ ಬಂದದ್ದು, ಎಂದ, ರಾಝಿಕ್ ಚಾಕ್‌ಪೀಸಿನ ಕೈಯನ್ನು ಅಂಗಿಗೆ ಒರೆಸಿಕೊಂಡ, ಎರಡು ಸಲ. ಇನ್ನು ತಡೆದರೆ ಆಗದು. ಮ್ಯಾಟ್, ಎಂದ ಮೋಹನದಾಸ, ಮ್ಯಾಟ್ ಮಾಡಿ, ಕೆರೆಯುವುದು ಬೇಡ, ಕೌಶಲ್‌ಗೆ ನಾನು ಹೇಳ್ತೇನೆ, ಈಗಲೇ ಒಂದು ಕೋಟ್ ಹೊಡೀರಿ.

ಆಲ್ವಿನ್ ನಕ್ಕ. ಗಂಡ ಹೆಂಡತಿ ಮಾತಾಡಿಕೊಂಡು ಬಂದ ಹಾಗುಂಟು, ಎಂದ, ಹೇಮಕ್ಕನೂ ಇದನ್ನೇ ಹೇಳಿದ್ದು. ಯಾರು. ಹೇಮಕ್ಕ, ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆಯುವಾಗಲೇ ಫೋನ್ ಬಂತು, ಬಾನೆಟ್ಟು ಕೆರೆಯಬೇಡಿ, ಹಾಗೇ ಮೇಲಿಂದ ಮ್ಯಾಟ್ ಹೊಡೆದುಬಿಡಿ, ಅವರಿಗೆ ಬಾಯಿಬಿಟ್ಟು ಹೇಳ್ಲಿಕ್ಕೆ ಆಗ್ಲಿಕ್ಕಿಲ್ಲ ಅಂದ್ರು, ಕೌಶಲ್ ಬರುವ ಮೊದಲು ಮುಗಿಸ್ಲಿಕ್ಕೆ ಆಗ್ತದಾ ಅಂತಲೂ ಕೇಳಿದ್ರು, ನಾನು ಹೇಳಿದೆ ಹಾಗೆಲ್ಲ ಅರ್ಜೆಂಟಿನ ಕೆಲಸ ಅಲ್ಲ ಅಕ್ಕ ಇದು, ಮೋಹನಣ್ಣ ಬರ್ಲಿ ಅಂತ. ಅದು ಹೇಗೆ, ಅವಳು ಯಾಕೆ, ಅವಳಿಗೆ ಹೇಳಿದ್ದು ತೆಂಗಿನಕಾಯಿ, ತೆಂಗಿನಕಾಯಿಯನ್ನು ಮಗನಿಂದ ಯಾಕೆ ಮುಚ್ಚಿಡಬೇಕು, ಬೆಳಿಗ್ಗೆ ದೋಸೆ ಬಡಿಸುವಾಗಲೂ ಅವಳು ಕಾರಿನ ಮಾತು ಎತ್ತಲಿಲ್ಲವಲ್ಲ, ಇನ್ನೊಂದು ಹಾಕಲಾ, ಎಂದಳು, ಅಷ್ಟೇ, ಕಾವಲಿಗೆ ತಿರುಗಿದಳು, ಅದಕ್ಕೆ ಮೊದಲೇ ಫೋನು ಮಾಡಿದ್ದಳೋ, ಇವನು ಗೇಟು ದಾಟಿದ ಮೇಲೆಯೋ — ಬಾಯಿಬಿಟ್ಟು ಹೇಳ್ಲಿಕ್ಕೆ ಆಗ್ಲಿಕ್ಕಿಲ್ಲ — ಎಷ್ಟು ಸಮಯದಿಂದ, ಇಪ್ಪತ್ತಾರು ವರ್ಷದಿಂದ, ಆ ಮಧ್ಯಾಹ್ನ ಮೀನು ಕಾಯಿಸುವಾಗಲೂ, ಬಾಳೆಲೆಯಲ್ಲಿ ಕಟ್ಟುವಾಗಲೂ, ಬಸ್ಸಿಗೆ ಕೈಬೀಸುವಾಗಲೂ. ಅವನು ಓದದ ಪೇಪರನ್ನು ಅವಳು ಊರಲ್ಲೇ ಕೂತು ಓದಿದ್ದಾಳೆ. ಹಾಗಾದರೆ ಅವಳಿಗೆ ಹೆಸರು ಗೊತ್ತುಂಟು. ಮಳೆಗಾಲದ ಆಟಿ ತಿಂಗಳಲ್ಲಿ ಮನೆಯ ಸತ್ತ ಹಿರಿಯರಿಗೆ ಎಲೆ ಹಾಕಿ ಬಡಿಸುತ್ತಾರಲ್ಲ, ಅಪ್ಪನಿಗೆ, ಅಮ್ಮನಿಗೆ, ದೊಡ್ಡಪ್ಪನಿಗೆ, ಅಜ್ಜಿಗೆ, ನಾಲ್ಕು ಎಲೆ ಹಾಕಿ ಅವಳು ಆಚೆ ಗೋಡೆಗೆ ತಾಗಿಸಿ ಐದನೆಯದ್ದೊಂದು ಹಾಕುತ್ತಾಳೆ, ಇದು ಯಾರಿಗೆ ಎಂದರೆ ಯಾರೂ ಇಲ್ಲದವರಿಗೆ ಇರಲಿ ಎನ್ನುತ್ತಾಳೆ, ಉಳಿದ ಎಲೆಗಳಿಗೆಲ್ಲ ಕೋಳಿ, ಮೀನು, ಆ ಎಲೆಗೆ ಮಾತ್ರ ಮೀನು ಹಾಕುವುದಿಲ್ಲ, ಮರೆತಿದ್ದಾಳೆ ಎಂದು ಒಂದು ವರ್ಷ ಇವನೇ ಒಂದು ತುಂಡು ಹಾಕಲು ಹೋದರೆ ಕೈ ಹಿಡಿದಳು, ಬೇಡ, ಎಂದಳು. ಸತ್ತವರಿಗೇ ಎಲೆ ಹಾಕುವುದು. ಬೀಡಿ ಸೇದುವ ಮುದುಕನಿಗೆ ಯಾರೂ ಎಲೆ ಹಾಕುವುದಿಲ್ಲ.

ಸ್ಕೂಟರಿನ ಶಬ್ದ ಗೇಟಿನೊಳಗೆ ಬಂತು, ನಿಂತಿತು, ಕೌಶಲ್ ಹೆಲ್ಮೆಟ್ಟು ತೆಗೆದು ಕನ್ನಡಿಗೆ ಸಿಕ್ಕಿಸುತ್ತಿದ್ದಾನೆ, ಆಲ್ವಿನ್ ಅಂಕಲ್, ಸುರು ಮಾಡ್ಲಿಲ್ಲ ಅಲ್ವಾ, ಎನ್ನುತ್ತಿದ್ದಾನೆ, ನಗುತ್ತ ಬಂದವನು ಬಾನೆಟ್ಟಿನ ಹತ್ತಿರ ಎರಡು ಹೆಜ್ಜೆ ಇರುವಾಗ ನಗು ನಿಲ್ಲಿಸಿದ. ತಲೆ ಓರೆ ಮಾಡಿದ. ಕೆಲಸದ ಕಣ್ಣು ಬಂತು ಅವನಿಗೆ, ಗೊತ್ತಾಗುತ್ತದೆ ಅದು, ಬೆರಳಿನಿಂದ ಚಾಕ್‌ಪೀಸಿನ ಗೆರೆಯನ್ನು ಮುಟ್ಟದೆ ಅದರ ಮೇಲೆಯೇ ಗಾಳಿಯಲ್ಲಿ ಎಳೆಯುತ್ತ ಹೋದ, ಅಗಲಕ್ಕೆ, ಸಪೂರಕ್ಕೆ, ಅಗಲಕ್ಕೆ, ಉರುಟಿನ ಹತ್ತಿರ ಬೆರಳು ನಿಂತಿತು. ಪಪ್ಪ, ಎಂದ, ಇದು ಎಂತ. ಹೇಳಬೇಕು, ಈಗ ಹೇಳಬೇಕು, ತೆಂಗಿನಕಾಯಿ ಎಂದು ನಾಲಗೆಗೆ ಬರುತ್ತಿದೆ, ಆದರೆ ಮೋಹನದಾಸ ಆ ಫೆಬ್ರವರಿಯ ಬೆಳಿಗ್ಗೆ ಬಚ್ಚಲಿನಿಂದ ಹೊರಗೆ ಬರುತ್ತಿದ್ದಾನೆ, ಸೋಪು ಹಾಕಿ ಎರಡೆರಡು ಸಲ ಮಿಂದು, ತಲೆ ಒರೆಸಿಕೊಳ್ಳುತ್ತ, ಅಂಗಳದಲ್ಲಿ ಬಾನೆಟ್ಟು ಒದ್ದೆ ಒದ್ದೆಯಾಗಿ ಹೊಳೆಯುತ್ತಿದೆ, ಇದೆಂತ ಈಗ ಕಾರು ತೊಳೆದದ್ದು ಎಂದು ಕೇಳಲಿಲ್ಲ, ಧೂಳೆಂದು ತೊಳೆದಿರಬೇಕು ಎಂದುಕೊಂಡ, ಇಷ್ಟು ವರ್ಷ ಅಂದುಕೊಂಡೇ ಇದ್ದ, ಶೆಡ್ಡಿನಿಂದ ಅವಳೊಬ್ಬಳೇ ಹೊರಗೆ ತಳ್ಳಿದ್ದಳಲ್ಲ ಅಷ್ಟು ಭಾರದ ಕಾರನ್ನು, ಬಾವಿಕಟ್ಟೆಯ ಹತ್ತಿರ ಹೇಮಾಕ್ಷಿ ಸೊಂಟಕ್ಕೆ ಸೀರೆ ಸಿಕ್ಕಿಸಿ ಬಗ್ಗಿದ್ದಾಳೆ, ಬೆನ್ನು ಕಾಣುತ್ತದೆ, ಮುಖ ಕಾಣುವುದಿಲ್ಲ, ಬಟ್ಟೆ ಹಿಂಡುತ್ತಿದ್ದಾಳೆ. ಪಪ್ಪ, ಎನ್ನುತ್ತಾನೆ ಕೌಶಲ್, ನಿಮ್ಮತ್ರ ಕೇಳಿದ್ದು. ಹಿಂಡುತ್ತಾಳೆ, ಬಕೆಟ್ಟಿಗೆ ಅದ್ದುತ್ತಾಳೆ, ಮತ್ತೆ ಹಿಂಡುತ್ತಾಳೆ. ಪಪ್ಪ. ಬಟ್ಟೆ ಹಿಂಡುತ್ತಾಳೆ, ನಸುಗೆಂಪು ನೀರು ಬಸಳೆಯ ಬುಡಕ್ಕೆ ಹರಿಯುತ್ತದೆ, ಅವಳು ಬೇರೆ ನೀರು ಸೇದಿ ಬಕೆಟ್ಟಿಗೆ ಹೊಯ್ಯುತ್ತಾಳೆ, ಅದ್ದುತ್ತಾಳೆ, ಹಿಂಡುತ್ತಾಳೆ, ನೀರು ಇನ್ನೂ ತಿಳಿಯಾಗಲಿಲ್ಲ, ಅವಳು ಮತ್ತೆ ಅದ್ದುತ್ತಾಳೆ